ಸಣ್ಣತ್ತೆಯ ಕಥೆಯನ್ನು ಇಲ್ಲಿ ಹೇಳಿದೆ

ಬಾಲ್ಟಿಮೋರ್,
ರವಿವಾರ ರಾತ್ರಿ

ಪ್ರೀತಿಯ ಆಯಿಗೆ ನಮಸ್ಕಾರಗಳು. ಅಪ್ಪಯ್ಯನಿಗೂ ಅಮ್ಮಮ್ಮನಿಗೂ ನಮಸ್ಕಾರ ತಿಳಿಸು.

ನಾನು ಕ್ಷೇಮ. ಅಲ್ಲಿ ಮಳೆ ಬಿಡುತ್ತಲೇ ಇಲ್ಲ ಅಂತ ತಂಗಿ ಹೇಳಿದಳು. ಅಡಿಕೆಗೆ ಕೊಳೆ ರೋಗ ಶುರುವಾಯ್ತಾ? ಎರಡನೇ ಸಲ ಮದ್ದು ಹೊಡೆಯಲು ಮರ ಹತ್ತುವ ಕೊನೆಗೌಡ ಸಿಕ್ಕನಾ? ಕರೆಂಟು ಹೋದರೆ ನಿಮ್ಮಲ್ಲಿ ಫೋನೂ ಹೋಗುತ್ತದೆ. ಮಾತು ಅರ್ಧಕ್ಕೇ ನಿಲ್ಲುತ್ತದೆ. ಹಾಗಾಗಿ ಕಾಗದವನ್ನೇ ಬರೆದು, ಅದರ ಫೋಟೋ ತಂಗಿಗೆ ಕಳಿಸುತ್ತಿದ್ದೇನೆ. ಅವಳು ಶಿರಸಿಗೆ ಹೋದಾಗ ತೆಗೆದುಕೊಂಡು ಬಂದು, ಜಗಲಿಯ ಮೇಲೆ ಕೂತು ಎಲ್ಲರಿಗೂ ಓದಿ ಹೇಳಲಿ. ಅಪ್ಪಯ್ಯನಿಗೆ ಕೊನೆಯ ಭಾಗವನ್ನು ಎರಡು ಸಲ ಓದಲಿ.

ಹೋದ ವಾರ ನೀನು ಕೇಳಿದೆ: "ಕ್ಯಾನ್ಸರ್ ಲ್ಯಾಬು ಅಂತೀಯಲ್ಲ, ಅಲ್ಲಿ ನೀನು ಮಾಡೋದು ಎಂಥದು? ಜೊತೆಗೆ ಯಾರೆಲ್ಲ ಇದ್ದಾರೆ?" ಅಷ್ಟರಲ್ಲಿ ಲೈನ್ ಹೋಯಿತು. ಉತ್ತರ ಇಲ್ಲಿದೆ.

ಕ್ಯಾನ್ಸರಿಗೆ ಔಷಧಿ ಹುಡುಕುವ ಲ್ಯಾಬ್ ನಮ್ಮದಲ್ಲ. ಒಂದೇ ಕಾಯಿಲೆ ಇಬ್ಬರಿಗೆ ಬಂದರೆ ಒಬ್ಬಳು ಬದುಕಿ ಮೊಮ್ಮಕ್ಕಳನ್ನು ನೋಡುತ್ತಾಳೆ, ಇನ್ನೊಬ್ಬಳು ಯಾಕೆ ಹೋಗಿಬಿಡುತ್ತಾಳೆ? ನಮ್ಮ ಪ್ರಶ್ನೆ ಅದು. ಈ ದೇಶದಲ್ಲಿ ಕಪ್ಪು ಹೆಂಗಸರಿಗೆ ಸ್ತನ ಕ್ಯಾನ್ಸರ್ ಬರುವುದು ಬಿಳಿಯರಿಗಿಂತ ಸ್ವಲ್ಪ ಕಡಿಮೆಯೇ. ಆದರೆ ಅದರಿಂದ ಸಾಯುವುದು ಸುಮಾರು 40 ಶೇಕಡಾ ಜಾಸ್ತಿ. ಕಪ್ಪು ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ ಸಾವು ಬಿಳಿಯರ ಎರಡರಷ್ಟಿದೆ. ಇಷ್ಟು ದುಡ್ಡಿರುವ ದೇಶದಲ್ಲಿ, ಆಯಿ.

ನನ್ನ ಕೆಲಸ ಸುಲಭದಲ್ಲಿ ಹೇಳಬಹುದು. ಗಡ್ಡೆಯ ಚೂರನ್ನು ಮೇಣದಲ್ಲಿ ಕೂರಿಸಿರುತ್ತಾರೆ. ಅದನ್ನು ಯಂತ್ರದಲ್ಲಿ ತೆಳ್ಳಗೆ ಹೆರೆಯಬೇಕು. ಒಂದು ಮಿಲಿಮೀಟರನ್ನು ಇನ್ನೂರು ಪಾಲು ಮಾಡಿದರೆ ಒಂದು ಪಾಲು ಎಷ್ಟೋ, ಅಷ್ಟು ತೆಳ್ಳಗೆ. ನೀರಿನ ಮೇಲೆ ತೇಲಿಸಿ ಗಾಜಿನ ಮೇಲೆ ಎತ್ತಿಕೊಳ್ಳಬೇಕು. ಉಸಿರು ಜೋರಾಗಿ ಬಿಟ್ಟರೆ ಮಡಚಿಹೋಗುತ್ತದೆ. ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದ ಕೈಯಲ್ವಾ, ಬೇಗ ಕಲಿತೆ.

ಆದರೆ ನಮ್ಮ ಮೇಡಂ ಮೊದಲ ವಾರ ನನ್ನನ್ನು ಯಂತ್ರದ ಹತ್ತಿರ ಬಿಡಲೇ ಇಲ್ಲ. ಹೊಸದಾಗಿ ಸೇರಿದವರೆಲ್ಲ ಮೊದಲು ಊರಿನ ಆ ಕಡೆಯ ಒಂದು ಬಡಾವಣೆಯಿಂದ ಆಸ್ಪತ್ರೆಗೆ ಬಸ್ಸಿನಲ್ಲಿ ಬರಬೇಕು. ಕಾರು ಹತ್ತುವ ಹಾಗಿಲ್ಲ. ಹೊರಟ ಹೊತ್ತು, ತಲುಪಿದ ಹೊತ್ತು ಬರೆದುಕೊಳ್ಳಬೇಕು. ದೂರ ಬರೀ 6 ಕಿಲೋಮೀಟರ್. ನನಗೆ ಒಂದೂಕಾಲು ಗಂಟೆ ಹಿಡಿಯಿತು. ಎರಡು ಬಸ್ಸು, ನಡುವೆ ಕಾಯುವುದು.

ಆ ದಿನ ನನ್ನ ಜೊತೆ ಬಂದವರು ಲ್ಯಾಬಿನಲ್ಲಿ ನನಗೆ ಎಲ್ಲರಿಗಿಂತ ಹತ್ತಿರದವರು. ಅವರು ವಿಜ್ಞಾನಿ ಅಲ್ಲ. 27 ವರ್ಷ ಸಿಟಿ ಬಸ್ಸು ಓಡಿಸಿದವರು. ಮನಸ್ಸಿನಲ್ಲೇ ನಾನು ಅವರನ್ನು ಬಸ್ಸಿನಕ್ಕ ಅಂತ ಕರೆಯುತ್ತೇನೆ. ಸ್ತನ ಕ್ಯಾನ್ಸರ್ ಬಂದು ಗುಣವಾದವರು. ಈಗ ವಾರಕ್ಕೆ ಮೂರು ದಿನ ಲ್ಯಾಬಿಗೆ ಬರುತ್ತಾರೆ. ಚರ್ಚು, ಗಂಡಸರ ಕ್ಷೌರದ ಅಂಗಡಿ, ಅಕ್ಕಪಕ್ಕದ ಮನೆ, ಎಲ್ಲ ಕಡೆ ಹೋಗಿ ಜನರ ಜೊತೆ ಮಾತಾಡುವವರು ಅವರೇ. ರೋಗಿಗಳು ಸಹಿ ಹಾಕಬೇಕಾದ ಒಪ್ಪಿಗೆ ಪತ್ರವನ್ನು ನಾವು ಬರೆದರೆ, ಅದು ಮೊದಲು ಅವರ ಕೈಗೆ ಹೋಗುತ್ತದೆ. ಕೆಂಪು ಪೆನ್ನು ಹಿಡಿದು ಕೂರುತ್ತಾರೆ. ಗೀಚಿ ಗೀಚಿ ಇಡುತ್ತಾರೆ. "ನನ್ನ ಅಮ್ಮನಿಗೆ ಅರ್ಥವಾಗದ ಮಾತು ಇಲ್ಲಿ ಬೇಡ" ಅನ್ನುತ್ತಾರೆ. ಒಂದು ಸಲ ನಾನು ಬರೆದ ಪುಟದಲ್ಲಿ ನಾಲ್ಕೇ ಸಾಲು ಉಳಿದಿತ್ತು. ಆ ನಾಲ್ಕು ಸಾಲೇ ಸಾಕಾಗಿತ್ತು ಅನ್ನುವುದು ನಿಜ.

ಅವರು ಅಷ್ಟು ಗಟ್ಟಿಯಾಗಿ ಹಿಡಿಯುವುದಕ್ಕೆ ಕಾರಣ ಇದೇ ಊರಿನಲ್ಲಿದೆ. ಹೆನ್ರಿಯೆಟ್ಟಾ ಲ್ಯಾಕ್ಸ್ ಅಂತ ಒಬ್ಬ ಹೆಣ್ಣುಮಗಳು. ವರ್ಜೀನಿಯಾದ ಕ್ಲೋವರ್ ಎಂಬ ಹಳ್ಳಿಯಲ್ಲಿ ತಂಬಾಕಿನ ಹೊಲದಲ್ಲಿ ದುಡಿದು ಬೆಳೆದವಳು. ಐದು ಮಕ್ಕಳ ತಾಯಿ. 1951ರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಅಂತ ಇಲ್ಲಿಯ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಬಂದಳು. ಆ ಕಾಲದಲ್ಲಿ ಕಪ್ಪು ಜನರನ್ನು ಒಳಗೆ ಸೇರಿಸುತ್ತಿದ್ದ ಆಸ್ಪತ್ರೆಗಳೇ ಕೆಲವು. ಅವಳ ಗಡ್ಡೆಯ ಚೂರನ್ನು ತೆಗೆದು ಲ್ಯಾಬಿನಲ್ಲಿ ಬೆಳೆಸಿದರು. ಅವಳನ್ನು ಒಂದು ಮಾತು ಕೇಳಲಿಲ್ಲ. ಅದೇ ವರ್ಷ ಅಕ್ಟೋಬರ್ 4ಕ್ಕೆ ತೀರಿಕೊಂಡಳು. ಬರೀ 31 ವರ್ಷ. ಆದರೆ ಆ ಜೀವಕೋಶಗಳು ಸಾಯಲಿಲ್ಲ. ದಿನಕ್ಕೆ ಒಂದು ಎರಡಾಗುತ್ತಾ ಇವತ್ತಿಗೂ ಬೆಳೆಯುತ್ತಿವೆ. ಹೀಲಾ ಅಂತ ಅವುಗಳ ಹೆಸರು. ಪೋಲಿಯೋ ಲಸಿಕೆಯನ್ನು ಪರೀಕ್ಷಿಸಿದ್ದು ಅವುಗಳ ಮೇಲೆ. ಮನೆಯವರಿಗೆ ಗೊತ್ತಾಗಿದ್ದು 20 ವರ್ಷ ಕಳೆದ ಮೇಲೆ. ಅವಳ ಗೋರಿಗೆ ಒಂದು ಹೆಸರಿನ ಕಲ್ಲು ಬಂದಿದ್ದು 2010ರಲ್ಲಿ.

ಗರ್ಭಕೊರಳಿನ ಕ್ಯಾನ್ಸರಿಗೆ ಎಚ್‌ಪಿವಿ ಎಂಬ ವೈರಸ್ ಕಾರಣ ಅಂತ ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ಕಂಡುಹಿಡಿದರು. 2008ರಲ್ಲಿ ಅವರಿಗೆ ನೊಬೆಲ್ ಬಂತು. ಹೆನ್ರಿಯೆಟ್ಟಾಳ ಜೀವಕೋಶದಲ್ಲೂ ಅದೇ ವೈರಸ್ ಇತ್ತು. ಈಗ ಅದಕ್ಕೆ ಲಸಿಕೆ ಇದೆ, 9ರಿಂದ 14 ವರ್ಷದ ಒಳಗೆ ಹಾಕಿಸಿದರೆ ಒಳ್ಳೆಯದು. ಅಕ್ಕನ ಮಗಳಿಗೆ ಬರುವ ವರ್ಷ 9 ತುಂಬುತ್ತದೆ. ಅಕ್ಕನಿಗೆ ನಾನೇ ಬೇರೆಯಾಗಿ ಬರೆಯುತ್ತೇನೆ.

ಆಯಿ, ಹೋದ ತಿಂಗಳು ಒಂದು ಸಭೆಯಲ್ಲಿ ನಾನು ಸಣ್ಣತ್ತೆಯ ಕಥೆ ಹೇಳಿದೆ. ಅಪ್ಪಯ್ಯನಿಗೆ ಬೇಜಾರಾಗಬಾರದು. ಪ್ರತಿ ತಿಂಗಳು ಲ್ಯಾಬಿನವರು, ಗುಣವಾದವರು, ರೋಗಿಗಳ ಮನೆಯವರು ಎಲ್ಲ ಒಟ್ಟಿಗೆ ಕೂರುತ್ತೇವೆ. ಅಲ್ಲಿ ಬಸ್ಸಿನಕ್ಕ ನನ್ನನ್ನು ನೇರವಾಗಿ ಕೇಳಿದರು: "ನೀನು ಅಷ್ಟು ದೂರದಿಂದ ಈ ಕೆಲಸಕ್ಕೆ ಯಾಕೆ ಬಂದೆ?"

ಹೇಳಿದೆ. ಕೊನೆಗೊಯ್ಲಿನ ಹೊತ್ತಿಗೆ ಸಣ್ಣತ್ತೆಯ ಕೈಗೆ ಎದೆಯಲ್ಲೊಂದು ಗಂಟು ಸಿಕ್ಕಿತ್ತು. ಯಾರಿಗೂ ಹೇಳಲಿಲ್ಲ. ಅಡಿಕೆ ಸುಲಿದು, ಬೇಯಿಸಿ, ಒಣಗಿಸಿ ಆಗಲಿ ಅಂದುಕೊಂಡಳು. ಆಮೇಲೆ ಮಾರಿಕಾಂಬೆಯ ಜಾತ್ರೆ, ಮನೆ ತುಂಬ ನೆಂಟರು. ಆಮೇಲೆ ಭಾವನ ಮುಂಜಿ. ಆಮೇಲೆ ಮಳೆಗಾಲ. ಮೊದಲು ನೋಡಿದ ಡಾಕ್ಟರು ಹಚ್ಚಲು ಮುಲಾಮು ಕೊಟ್ಟು ಕಳಿಸಿದರು. ಘಟ್ಟ ಇಳಿದು ದೊಡ್ಡ ಆಸ್ಪತ್ರೆ ಮುಟ್ಟುವ ಹೊತ್ತಿಗೆ ನವರಾತ್ರಿ. ಹನ್ನೊಂದು ತಿಂಗಳು. ಕಿಮೋ ಆಯಿತು. ವಾರಕ್ಕೆ 5 ದಿನ ಕರೆಂಟು, ಅಂದರೆ ರೇಡಿಯೇಶನ್, ಕೊಡಬೇಕು ಅಂದರು. ಅಲ್ಲೇ ರೂಮು ಹಿಡಿಯಬೇಕು. ಎರಡು ವಾರ ಇದ್ದಳು. ಕೊಟ್ಟಿಗೆಯಲ್ಲಿ ದನ ಕರು ಹಾಕಿದೆ ಅಂತ ಸುದ್ದಿ ಬಂತು, ಅರ್ಧಕ್ಕೇ ವಾಪಸ್ ಬಂದಳು. ನಾವೆಲ್ಲ ಅದನ್ನು ಅವಳ ಹಟ ಅಂತಲೇ ಹೇಳಿಕೊಂಡು ಬಂದೆವು, ಅಲ್ವಾ? ಮಾವ ಇಲ್ಲದ ಮನೆ. ಅವಳ ಬದಲಿಗೆ ಹಾಲು ಕರೆಯುವವರು ಯಾರಿದ್ದರು ಅಂತ ನಾವು ಕೇಳಲಿಲ್ಲ. ನಾನೂ ಕೇಳಲಿಲ್ಲ.

ಸಭೆಯಲ್ಲಿ ಯಾರೂ ಮಾತಾಡಲಿಲ್ಲ. ಮತ್ತೆ ಬಸ್ಸಿನಕ್ಕ ಎದ್ದು ಬಂದು ನನ್ನ ಪಕ್ಕ ಕೂತರು. "ನನಗೂ ಗಂಟು ಸಿಕ್ಕಿದ್ದು ಮಾರ್ಚ್‌ನಲ್ಲಿ. ತೋರಿಸಿದ್ದು ಕ್ರಿಸ್ಮಸ್ ಕಳೆದ ಮೇಲೆ. ರಜೆ ಹಾಕಿದರೆ ಸಂಬಳ ಕಟ್. ಮನೆಯಲ್ಲಿ ಹಾಸಿಗೆ ಹಿಡಿದ ಅಮ್ಮ. ನಿನ್ನ ಅತ್ತೆಗೆ ದನ, ನನಗೆ ಬಸ್ಸು" ಅಂದರು. ಅಷ್ಟು ಹೇಳಿ ನನ್ನ ಕೈ ಹಿಡಿದುಕೊಂಡರು. ನಾನು ಅತ್ತುಬಿಟ್ಟೆ ಆಯಿ. ಸಣ್ಣತ್ತೆ ಹೋದಾಗಲೂ ಅಷ್ಟು ಅತ್ತಿರಲಿಲ್ಲ.

2022ರಲ್ಲಿ ನಮ್ಮ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಕಾರವಾರದಿಂದ ಭಟ್ಕಳದವರೆಗೆ ಎಲ್ಲರೂ ಕೂಗಿದರಲ್ಲ, ಅದನ್ನೂ ಅವರಿಗೆ ಹೇಳಿದೆ. ಆಸ್ಪತ್ರೆ ಬೇಕೇ ಬೇಕು. ಆದರೆ ಆಸ್ಪತ್ರೆ 6 ಕಿಲೋಮೀಟರಿನಲ್ಲಿದ್ದರೂ ಸಾಲದು ಅಂತ ನಾನು ಕಲಿತಿದ್ದು ಇಲ್ಲಿ.

ನ್ಯೂಯಾರ್ಕಿನ ಹಾರ್ಲೆಮ್ ಎಂಬಲ್ಲಿ ಹೆರಾಲ್ಡ್ ಫ್ರೀಮನ್ ಅಂತ ಒಬ್ಬ ಸರ್ಜನ್ ಇದ್ದರು. ಅವರ ಆಸ್ಪತ್ರೆಗೆ ಬರುತ್ತಿದ್ದ ಬಡ ಕಪ್ಪು ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ಬರುವಾಗಲೇ ಕಾಯಿಲೆ ಮುಂದುವರಿದಿರುತ್ತಿತ್ತು. ಐದು ವರ್ಷ ಬದುಕಿದವರು 39 ಶೇಕಡಾ. 1990ರಲ್ಲಿ ಅವರು ಒಂದು ಸಾದಾ ಕೆಲಸ ಮಾಡಿದರು. ಪ್ರತಿ ರೋಗಿಯ ಜೊತೆಗೆ ಒಬ್ಬರನ್ನು ಕೊಟ್ಟರು. ಚೀಟಿ ಮಾಡಿಸುವುದು, ತಾರೀಕು ನೆನಪಿಸುವುದು, ಮಕ್ಕಳನ್ನು ನೋಡಿಕೊಳ್ಳಲು ಜನ ಹುಡುಕುವುದು, ಹೆದರಿ ಓಡಿಹೋಗದ ಹಾಗೆ ಜೊತೆಗೆ ಕೂರುವುದು. ಪರೀಕ್ಷೆಯನ್ನೂ ಬಿಟ್ಟಿಯಾಗಿ, ಇಲ್ಲವೇ ಕಡಿಮೆ ದುಡ್ಡಿಗೆ ಮಾಡಿಸಿದರು. ಆಮೇಲಿನ ವರ್ಷಗಳಲ್ಲಿ 39 ಇದ್ದದ್ದು 70 ಆಯಿತು. ನಮ್ಮ ಲ್ಯಾಬಿನಲ್ಲೂ ಅಂಥ ಕೆಲಸದ ಒಬ್ಬ ನರ್ಸ್ ಇದ್ದಾರೆ. ಅವರ ಫೋನು ಊಟದ ಹೊತ್ತಿನಲ್ಲೂ ಸುಮ್ನೆ ಇರುವುದಿಲ್ಲ. ಸಣ್ಣತ್ತೆಗೆ ಅಂಥವರು ಒಬ್ಬರು ಇದ್ದಿದ್ದರೆ ಮೊದಲು ದನಕ್ಕೊಂದು ವ್ಯವಸ್ಥೆ ಮಾಡುತ್ತಿದ್ದರು.

ನನ್ನ ಪಕ್ಕದ ಮೇಜಿನವನು ನೈಜೀರಿಯಾದ ಇಬಾದಾನ್ ಊರಿನವನು. ಅವನು ರಕ್ತದ ಒಂದು ಗುಣದ ಬಗ್ಗೆ ಕೆಲಸ ಮಾಡುತ್ತಾನೆ. ಡಫಿ ಅಂತ ಹೆಸರು. ಪಶ್ಚಿಮ ಆಫ್ರಿಕಾದ ಜನರಲ್ಲಿ ಹೆಚ್ಚಿನವರ ಕೆಂಪು ರಕ್ತಕಣದ ಮೇಲೆ ಇದು ಇರುವುದಿಲ್ಲ. ಹಾಗಾಗಿ ಒಂದು ಜಾತಿಯ ಮಲೇರಿಯಾ ಅವರಿಗೆ ಅಷ್ಟಾಗಿ ತಾಗುವುದಿಲ್ಲ. ಮಲೇರಿಯಾದಿಂದ ನಮ್ಮ ಕಡೆ ಮನೆಗಳು ಖಾಲಿಯಾದ ಕಥೆಯನ್ನು ಅಮ್ಮಮ್ಮ ಹೇಳುತ್ತಿದ್ದಳಲ್ಲ, ಅದನ್ನು ಅವನಿಗೆ ಹೇಳಿದೆ. ಇಲ್ಲಿಯ ತೊಂದರೆ ಏನೆಂದರೆ, ಇಂಥವರ ರಕ್ತದಲ್ಲಿ ಒಂದು ಬಗೆಯ ಬಿಳಿ ರಕ್ತಕಣ ಹುಟ್ಟಿನಿಂದಲೇ ಕಡಿಮೆ. ಅದು ಕಾಯಿಲೆಯಲ್ಲ. ಆದರೆ ಎಷ್ಟಿದ್ದರೆ ಸರಿ ಅನ್ನುವ ಅಳತೆಯನ್ನು ಮಾಡಿದ್ದು ಹೆಚ್ಚಾಗಿ ಬಿಳಿಯರನ್ನು ನೋಡಿ. ಆ ಅಳತೆ ಹಿಡಿದು "ನಿನ್ನ ರಕ್ತ ಕಡಿಮೆ, ಕಿಮೋ ಮುಂದೆ ಹಾಕೋಣ" ಅಂದರೆ? ಔಷಧಿ ತಡವಾಗುತ್ತದೆ, ಕಡಿಮೆಯೂ ಆಗುತ್ತದೆ. ಕೇಳಿ ನನಗೆ ಸಿಟ್ಟು ಬಂತು. ಅವನು ಸಿಟ್ಟು ಮಾಡುವುದಿಲ್ಲ, ರಾತ್ರಿ ಹತ್ತರವರೆಗೆ ಕೂತು ಲೆಕ್ಕ ಹಾಕುತ್ತಾನೆ. ಯಲ್ಲಾಪುರದ ಕಾಡಿನಲ್ಲಿ ನಮ್ಮ ಸಿದ್ದಿಯರಿದ್ದಾರೆ, ಅವರ ಹಿರಿಯರು ಆಫ್ರಿಕಾದಿಂದ ಬಂದವರು, ಈಗ ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕನ್ನಡ ಮಾತಾಡುತ್ತಾರೆ ಅಂದೆ. ಅವನು ನಂಬಲೇ ಇಲ್ಲ. ಫೋಟೋ ತೋರಿಸಿದೆ. ತುಂಬಾ ಹೊತ್ತು ನೋಡಿದ. ಮುಂದಿನ ಸಲ ನಾನು ಬರುವಾಗ ತಾನೂ ಬರುತ್ತೇನೆ ಅಂದಿದ್ದಾನೆ. ನಿನ್ನ ತಂಬುಳಿಯ ಸುದ್ದಿಯನ್ನೂ ಹೇಳಿಟ್ಟಿದ್ದೇನೆ.

ಈಗ ಅಪ್ಪಯ್ಯನ ವಿಷಯ. ಈ ಕಾಗದ ಬರೆಯಲು ಕೂತಿದ್ದೇ ಇದಕ್ಕೆ.

ಆ ದಿನ ಫೋನಿನಲ್ಲಿ ನೀನು ಸುಮ್ನೆ ಒಂದು ಮಾತು ಹೇಳಿದೆ. "ಅಪ್ಪಯ್ಯನಿಗೆ ಈಗ ಖಾರ ಆಗೋದಿಲ್ಲ, ಬಾಯಿ ಉರಿ ಅಂತಾನೆ, ಬರೀ ಮಜ್ಜಿಗೆ ಅನ್ನ ಉಣ್ತಾನೆ." ಅವತ್ತಿನಿಂದ ನನಗೆ ನಿದ್ದೆ ಸರಿ ಇಲ್ಲ. ನಲವತ್ತು ವರ್ಷದ ಕವಳ, ಎಲೆ ಅಡಿಕೆ ಅದು. ಅಡಿಕೆ ನಮಗೆ ಅನ್ನ ಕೊಟ್ಟಿದೆ. ನನ್ನ ಕಾಲೇಜಿನ ಫೀಸು ಕಟ್ಟಿದ್ದು ಶಿರಸಿಯ ಅಡಿಕೆ ಸೊಸೈಟಿ ಟಿಎಸ್‌ಎಸ್‌ಗೆ ಹಾಕಿದ ಅಡಿಕೆಯ ದುಡ್ಡಿನಲ್ಲಿ. ಅದನ್ನು ಮರೆತು ನಾನು ಒಂದಕ್ಷರವನ್ನೂ ಬರೆಯುವುದಿಲ್ಲ. ಆದರೆ ತಂಬಾಕು ಹಾಕದಿದ್ದರೂ ಅಡಿಕೆ ಜಗಿಯುವುದರಿಂದ ಬಾಯಿಯ ಕ್ಯಾನ್ಸರ್ ಬರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಬರೆದಿದೆ. ಅಪ್ಪಯ್ಯ ಹೊಗೆಸೊಪ್ಪನ್ನೂ ಹಾಕುತ್ತಾನೆ. ಒಳಕೆನ್ನೆ ಗಟ್ಟಿಯಾಗುವ ಒಂದು ತೊಂದರೆ ಇದೆ. ಮೊದಲು ಖಾರ ತಾಗಿದರೆ ಉರಿ, ಆಮೇಲೆ ಬಾಯಿ ತೆರೆಯುವುದು ಕಡಿಮೆಯಾಗುತ್ತಾ ಹೋಗುತ್ತದೆ. ಅದು ಕ್ಯಾನ್ಸರ್ ಅಲ್ಲ, ಆದರೆ ಮುಂದೆ ಆಗಬಹುದು. ಬೇಗ ತೋರಿಸಿದರೆ ಮಾಡಲು ತುಂಬಾ ಇದೆ.

ಅಪ್ಪಯ್ಯಾ, ಬೆಳಿಗ್ಗೆ ಬೆಳಕಿರುವಾಗ ಜಗಲಿಯ ಕಿಟಕಿಯ ಹತ್ತಿರ ಕೂತುಕೋ. ಬಾಯಿ ಮುಕ್ಕಳಿಸಿ ದೊಡ್ಡದಾಗಿ ತೆರೆ. ನಿನ್ನದೇ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ನಡುವೆ ಇಡು. ಮೂರೂ ಹೋಗಬೇಕು. ತಂಗಿ ಟಾರ್ಚ್ ಹಿಡಿದು ಎರಡೂ ಕೆನ್ನೆಯ ಒಳಗೆ, ನಾಲಿಗೆಯ ಅಡಿಗೆ ನೋಡಲಿ. ಬಿಳಿ ಮಚ್ಚೆ, ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು ಇದೆಯಾ ಅಂತ. ಇರಲಿ ಇಲ್ಲದಿರಲಿ, ಈ ವಾರವೇ ಶಿರಸಿಯಲ್ಲಿ ಹಲ್ಲಿನ ಡಾಕ್ಟರಿಗೆ ತೋರಿಸು. 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳು ನೋಡುವ ಸರಕಾರದ ತಪಾಸಣೆಯೂ ಇದೆ, ಆಯಿ. ಆಶಾ ಕಾರ್ಯಕರ್ತೆಯನ್ನು ಕೇಳು. ನೀನೂ ಹೋಗಬೇಕು.

ಮದ್ದು ಹೊಡೆದು ಆಗಲಿ ಅಂತ ಮಾತ್ರ ಹೇಳಬೇಡ, ಅಪ್ಪಯ್ಯ. ದುಡ್ಡು ನಿನ್ನೆಯೇ ತಂಗಿಯ ಖಾತೆಗೆ ಹಾಕಿದ್ದೇನೆ. ಆ ದಿನ ಹಾಲು ಕರೆಯಲು ಪಕ್ಕದ ಮನೆ ಅತ್ತಿಗೆ ಬರುತ್ತಾಳೆ. ನಾನೇ ಫೋನ್ ಮಾಡಿ ಕೇಳಿದೆ, ಹೂಂ ಅಂದಿದ್ದಾಳೆ.

ಬರುವ ರವಿವಾರ ನಿಮ್ಮ ರಾತ್ರಿ 8 ಗಂಟೆಗೆ ಫೋನ್ ಮಾಡುತ್ತೇನೆ. ಲೈನ್ ಹೋಗುವ ಮೊದಲು ಎಷ್ಟು ಬೆರಳು ಹೋಯಿತು ಅಂತ ಹೇಳಿಬಿಡಿ. ಮಳೆ, ಕೊಳೆ ಎಲ್ಲ ಆಮೇಲೆ ಮಾತಾಡೋಣ.

ನಿಮ್ಮ ಮಗಳು