ನಿಮ್ಮ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ? ಏಳನೇ ತರಗತಿ ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ. ಮುಂದಿನ ಶನಿವಾರ ಬೆಳಿಗ್ಗೆ ಏಳನೇ ತರಗತಿ ಮಕ್ಕಳನ್ನು ತುಂಗಾ ಹೊಳೆ ದಂಡೆಗೆ ಕರೆದುಕೊಂಡು ಹೋಗುತ್ತೇವೆ. ಶಿವಮೊಗ್ಗದ ಚರಂಡಿ ನೀರು ಹೊಳೆ ಸೇರುವ ಜಾಗವನ್ನು ಅವರು ಕಣ್ಣಾರೆ ನೋಡಬೇಕು. ವಿಜ್ಞಾನ ಶಿಕ್ಷಕರು ಜೊತೆಗಿರುತ್ತಾರೆ. ಯಾರನ್ನೂ ನೀರಿಗೆ ಇಳಿಸುವುದಿಲ್ಲ.

ಅದಕ್ಕೂ ಮೊದಲು ನಿಮ್ಮಿಂದ ಒಂದು ಸಹಾಯ ಬೇಕು. ಒಂದು ಬಕೆಟ್ ನೀರಿಗೆ ಅರಿಶಿನ ಕದಡಿ ಬಚ್ಚಲಿಗೆ ಸುರಿಯಿರಿ. ಮಗು ಹೊರಗೆ ರಸ್ತೆ ಬದಿಯ ಚರಂಡಿ ನೋಡುತ್ತಾ ನಿಂತಿರಲಿ. ಹಳದಿ ನೀರು ಅಲ್ಲಿ ಬಂದರೆ ನಿಮ್ಮ ಪೈಪು ಯುಜಿಡಿಗೆ, ಅಂದರೆ ನೆಲದಡಿಯ ಒಳಚರಂಡಿಗೆ, ಸೇರಿಲ್ಲ ಎಂದೇ ಅರ್ಥ. ಅಡುಗೆಮನೆ ಸಿಂಕಿಗೂ ಹೀಗೇ ಮಾಡಿ. ಆದರೆ ಚೇಂಬರ್ ಮುಚ್ಚಳವನ್ನು ಯಾರೂ ತೆಗೆಯಬೇಡಿ. ಒಳಗೆ ಜೀವಕ್ಕೇ ಅಪಾಯವಾಗುವ ಗ್ಯಾಸ್ ಇರುತ್ತದೆ.

ರಸ್ತೆ ಬದಿಯ ಚರಂಡಿ ಮಾಡಿರುವುದು ಮಳೆನೀರಿಗೆ. ಅದರಲ್ಲಿ ಬಿದ್ದದ್ದು ಇಳಿಜಾರು ಹಿಡಿದು ನೇರ ಹೊಳೆಗೋ ಕೆರೆಗೋ ಹೋಗುತ್ತದೆ. ಯುಜಿಡಿ ನೀರು ಹೋಗಬೇಕಾದದ್ದು ಶುದ್ಧೀಕರಣ ಘಟಕಕ್ಕೆ. ಅಲ್ಲಿ ನೀರಿಗೆ ಗಾಳಿ ಕೊಟ್ಟು ಬೆಳೆಸಿದ ಬ್ಯಾಕ್ಟೀರಿಯಾಗಳು ಕೊಳೆಯನ್ನು ತಿಂದು ಮುಗಿಸುತ್ತವೆ. ಹೊಳೆಯಲ್ಲೂ ಅವು ಅದನ್ನೇ ಮಾಡುತ್ತವೆ, ಆದರೆ ಮೀನುಗಳಿಗೆ ಬೇಕಾದ ಆಮ್ಲಜನಕವನ್ನು ಖಾಲಿ ಮಾಡುತ್ತಾ. ಸ್ನಾನಕ್ಕೆ ಇಳಿಯುವ ಹೊಳೆಯ ಒಂದು ಲೀಟರ್ ನೀರಿನಲ್ಲಿ ಕನಿಷ್ಠ 5 ಮಿಲಿಗ್ರಾಂ ಆಮ್ಲಜನಕ ಕರಗಿರಬೇಕು ಎನ್ನುತ್ತದೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ. ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಅದೇ ಕೊಳೆ ಜಾಸ್ತಿ ಹಾನಿ ಮಾಡುತ್ತದೆ.

ಮಳೆಗಾಲದ ತೊಂದರೆ ಬೇರೆ. ತಾರಸಿ ನೀರನ್ನು ಸುಮ್ನೆ ಹತ್ತಿರ ಸಿಕ್ಕಿತೆಂದು ಯುಜಿಡಿ ಚೇಂಬರಿಗೆ ಬಿಡುವವರಿದ್ದಾರೆ. ಮಲೆನಾಡಿನ ಮಳೆಗೆ ಆ ಪೈಪು ಎಲ್ಲಿ ಸಾಲುತ್ತದೆ? ಚೇಂಬರ್ ಉಕ್ಕಿ ಪಾಯಿಖಾನೆ ನೀರು ರಸ್ತೆಗೆ ಬರುತ್ತದೆ. ಅಲ್ಲಿಂದ ಚರಂಡಿ, ಚರಂಡಿಯಿಂದ ಹೊಳೆ. ದಯವಿಟ್ಟು ಪ್ಲಂಬರ್‌ಗೆ ಹೇಳಿ ಆ ಪೈಪನ್ನು ಇಂಗುಗುಂಡಿಗೆ ತಿರುಗಿಸಿ. ಜಾಗವಿಲ್ಲದಿದ್ದರೆ ಮಳೆನೀರು ಚರಂಡಿಗೇ ಹೋಗಲಿ.

'ಗಂಗಾ ಸ್ನಾನ, ತುಂಗಾ ಪಾನ' ಎಂದು ಕೇಳುತ್ತಾ ಬೆಳೆದವರು ನಾವು. ಇಲ್ಲಿಂದ ಹರಿದ ನೀರು ಕೂಡ್ಲಿಯಲ್ಲಿ ಭದ್ರೆಯನ್ನು ಸೇರಿ ಹೊನ್ನಾಳಿ, ಹರಿಹರದ ಕಡೆ ಹೋಗುತ್ತದೆ. ಅಲ್ಲಿಯವರೂ ಹೊಳೆಯನ್ನೇ ನಂಬಿದ್ದಾರೆ, ಅಲ್ವಾ? ನನಗೆ ನಿಜಕ್ಕೂ ನೋವಾಗುವುದು ಇದಕ್ಕೇ.

ಹಳದಿ ನೀರು ಚರಂಡಿಯಲ್ಲಿ ಕಂಡರೆ ಮುಜುಗರ ಬೇಡ. ಯಾರ ಮನೆಯದು ಏನಾಯಿತು ಎಂದು ತರಗತಿಯಲ್ಲಿ ಕೇಳುವುದಿಲ್ಲ. ಯುಜಿಡಿ ಸಂಪರ್ಕಕ್ಕೆ ಅರ್ಜಿ ಬರೆಯಬೇಕಿದ್ದರೆ ಸಂಜೆ ಶಾಲೆ ಬಿಟ್ಟ ಮೇಲೆ ಬನ್ನಿ, ಕೂತು ಬರೆಯೋಣ. ಒಪ್ಪಿಗೆ ಚೀಟಿಗೆ ಸಹಿ ಮಾಡಿ ಗುರುವಾರದೊಳಗೆ ಮಗುವಿನ ಕೈಯಲ್ಲಿ ಕಳಿಸಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ