ಮೊದಲು ನನಗೆ ಫೋನ್ ಮಾಡು

ಮಗಳೇ,

ನಿನ್ನೆ "ಮುನ್ನೆಚ್ಚರಿಕೆ ಇಲ್ಲದೆ ಏನಾದರೂ ಆಗಿಹೋದರೆ ಏನು ಮಾಡಬೇಕು ಅಂತ ನನ್ನ ಫ್ರೆಂಡ್‌ಗೊಂದು ಡೌಟಂತೆ ಅಮ್ಮ" ಅಂದೆಯಲ್ಲ, ಆ ಫ್ರೆಂಡ್ ಯಾರು ಅಂತ ನಾನು ಕೇಳಲಿಲ್ಲ. ಕೇಳುವುದೂ ಇಲ್ಲ. ಗಡಿಬಿಡಿಯಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತೇನೆ.

ಮುನ್ನೆಚ್ಚರಿಕೆ ಇಲ್ಲದೆ ಲೈಂಗಿಕ ಸಂಪರ್ಕ ಆಗಿದ್ದರೆ, ಇಲ್ಲವೇ ಕಾಂಡೋಮ್ ಹರಿದಿದ್ದರೆ, ಗರ್ಭ ನಿಲ್ಲದಂತೆ ತಡೆಯುವ ತುರ್ತು ಮಾತ್ರೆ ಇದೆ. ಸಾಮಾನ್ಯವಾಗಿ ಸಿಗುವ ಮಾತ್ರೆಯನ್ನು 72 ಗಂಟೆಯೊಳಗೆ ನುಂಗಬೇಕು. ಮೂರು ದಿನ ಇದೆಯಲ್ಲ ಅಂತ ಸುಮ್ನೆ ಕೂರುವ ಹಾಗಿಲ್ಲ, ತಡವಾದಷ್ಟೂ ಅದರ ಗುಣ ಕಮ್ಮಿ. ಅಂಡಾಣು ಬಿಡುಗಡೆಯಾಗುವುದನ್ನು ಅದು ಮುಂದೂಡುತ್ತದೆ, ಅಷ್ಟೇ. ಆಗಲೇ ನಿಂತ ಗರ್ಭವನ್ನು ತೆಗೆಯುವುದಿಲ್ಲ. ಎಚ್‌ಐವಿ ತಗುಲಿರಬಹುದು ಅನ್ನುವ ಅನುಮಾನವಿದ್ದರೂ 72 ಗಂಟೆಯೊಳಗೇ ಅದನ್ನು ತಡೆಯುವ ಔಷಧಿ ಶುರು ಮಾಡಿ, 28 ದಿನ ತೆಗೆದುಕೊಳ್ಳಬೇಕು. ಗರ್ಭ ತಡೆಯುವ ಮಾತ್ರೆ ಸೋಂಕನ್ನು ತಡೆಯುವುದಿಲ್ಲ, ಅದಕ್ಕೆ ಕಾಂಡೋಮ್ ಬೇಕು. ಲೈಂಗಿಕ ಸಂಪರ್ಕದಿಂದ ಹರಡುವ ಕ್ಲಮೈಡಿಯದಂಥ ಸೋಂಕಿಗೆ ಎಷ್ಟೋ ಸಲ ಲಕ್ಷಣವೇ ಇರುವುದಿಲ್ಲ.

ಈಗ ಆ 72 ಗಂಟೆ ಹೇಗೆ ಹೋಗುತ್ತದೆ ನೋಡು. ಹುಡುಗಿ ಒಂದು ದಿನ ಅಳುತ್ತಾಳೆ. ಮಾರನೇ ದಿನ ಗೆಳತಿಗೆ ಹೇಳುತ್ತಾಳೆ, ಅವಳಿಗೂ ಗೊತ್ತಿರುವುದಿಲ್ಲ. ಮನೆಯಲ್ಲಿ ಹೇಳಿದರೆ ಕೊಂದೇ ಬಿಡ್ತಾರೆ ಅಂತ ಮೂರನೇ ದಿನವೂ ಕಳೆಯುತ್ತದೆ. ಔಷಧಿ ಇದ್ದೂ ಹೆದರಿಕೆಯಲ್ಲೇ ಹೊತ್ತು ಮೀರಿರುತ್ತದೆ.

ಇಂಥದ್ದೆಲ್ಲ ಹೇಳಿಕೊಟ್ಟರೆ ಮಕ್ಕಳು ಕೆಡ್ತಾರೆ ಅನ್ನುವವರೇ ಜಾಸ್ತಿ. ಲೈಂಗಿಕ ಶಿಕ್ಷಣದಿಂದ ಮಕ್ಕಳು ಬೇಗ ಲೈಂಗಿಕ ಸಂಬಂಧಕ್ಕೆ ಇಳಿಯುವುದಿಲ್ಲ ಅಂತ ಯುನೆಸ್ಕೋದ 2018ರ ಮಾರ್ಗಸೂಚಿ ಹೇಳುತ್ತದೆ. 25 ಸಾವಿರಕ್ಕೂ ಹೆಚ್ಚು ಹದಿಹರೆಯದವರ ಮೇಲೆ ನಡೆದ ಅಧ್ಯಯನಗಳನ್ನು 2016ರಲ್ಲಿ ಒಟ್ಟುಹಾಕಿ ನೋಡಿದರು. ಮನೆಯಲ್ಲಿ ಈ ಮಾತು ನಡೆದಿದ್ದ ಮಕ್ಕಳು ಕಾಂಡೋಮ್, ಗರ್ಭನಿರೋಧಕ ಬಳಸುವುದು ಸ್ವಲ್ಪ ಜಾಸ್ತಿ ಅಂತ ಕಂಡಿತು. ಹೆಣ್ಣುಮಕ್ಕಳಲ್ಲಿ ಇದು ಎದ್ದು ಕಂಡಿತು, ಅಮ್ಮನ ಜತೆ ಮಾತಾಡಿದವರಲ್ಲೂ ಹಾಗೇ. ಹಾಗಂತ ನಿಮ್ಮಪ್ಪ ತಪ್ಪಿಸಿಕೊಳ್ಳುವ ಹಾಗಿಲ್ಲ. ನಿನ್ನ ತಮ್ಮನ ಜತೆ ಅವರು ಕೂರಲಿ. ಕಾಂಡೋಮ್ ಜಾಹೀರಾತು ಬಂದ ತಕ್ಷಣ ರಿಮೋಟ್‌ಗೆ ತಡಕಾಡಿದರೆ ಅವನು ಏನು ಕಲಿತಾನು?

ಮಾತ್ರೆಗಿಂತ ನನಗೆ "ಬೇಡ" ಅನ್ನುವ ಮಾತಿನ ಯೋಚನೆಯೇ ಜಾಸ್ತಿ. "ಎದುರುತ್ತರ ಕೊಡಬೇಡ" ಅಂತ ಬೆಳೆಸಿ, ಇಷ್ಟವಿಲ್ಲದಿದ್ದರೂ "ದೊಡ್ಡವರು, ಮುತ್ತು ಕೊಡು" ಅಂತ ತಳ್ಳಿದ ಮಗುವಿಗೆ, ಬೆಳೆದ ಮೇಲೆ ಆ ಮಾತು ದಿಢೀರಂತ ಎಲ್ಲಿಂದ ಬರಬೇಕು? ಗುರುತಿಲ್ಲದವನಿಗಾದರೆ ಬೇಡ ಅನ್ನಬಹುದು. ಇಷ್ಟಪಟ್ಟವನು ಮುಖ ಸಣ್ಣದು ಮಾಡಿಕೊಂಡು, "ನನ್ನ ಮೇಲೆ ನಂಬಿಕೆ ಇಲ್ವಾ?" ಅಂದಾಗಲೇ ಕಷ್ಟ. ನಂಬಿಕೆ ಇದ್ದರೂ ಕಾಂಡೋಮ್ ಬೇಕು ಅನ್ನು. ನಿನ್ನೆ ಹೂಂ ಅಂದವಳು ಇವತ್ತು ಊಹೂಂ ಅನ್ನಬಹುದು. ಹೂಂ ಅಂದು ಅರ್ಧಕ್ಕೆ ಬೇಡ ಅನ್ನಿಸಿದರೂ ಬೇಡವೇ. ನೀನು ನನ್ನ ಜತೆ ವಾದಕ್ಕಿಳಿದಾಗ ಮೈಯೆಲ್ಲ ಉರಿಯುತ್ತದೆ ನಿಜ, ಆದರೂ ಬಾಯಿ ಮುಚ್ಚಿಸುವುದಿಲ್ಲ. ಇದಕ್ಕೇ.

ಎಲ್ಲವನ್ನೂ ನನಗೆ ಹೇಳಲೇಬೇಕು ಅಂತಲ್ಲ. ನಿನ್ನ ಪ್ರೀತಿಯ ವಿಷಯ ನಿನ್ನದೇ. ಏನಾದರೂ ಹೆಚ್ಚುಕಮ್ಮಿ ಆದರೆ ಮಾತ್ರ ಮೊದಲು ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ. ಬೈಯುವುದಿದ್ದರೆ ಡಾಕ್ಟರ ಹತ್ತಿರ ಹೋಗಿ ಬಂದ ಮೇಲೆ ಬೈತೀನಿ.

ನಿನ್ನ ಅಮ್ಮ