ಒಂದು ಪೆನ್ನಿ ಕಡಿಮೆಗೆ ಎರಡು ಸಿ.ಡಿ.

ಮ್ಯಾಂಚೆಸ್ಟರ್
ಭಾನುವಾರ

ಪ್ರೀತಿಯ ತಮ್ಮನಿಗೆ ಅಣ್ಣನ ಆಶೀರ್ವಾದಗಳು.

ಇಲ್ಲಿ ಎಲ್ಲ ಕ್ಷೇಮ. ಇಂಗ್ಲೆಂಡಿನ ಓಯಸಿಸ್ ಅಷ್ಟು ದೊಡ್ಡ ರಾಕ್ ಬ್ಯಾಂಡಾಗಿದ್ದರೂ ಹಾಡು ಮಾರಾಟದ ಪೈಪೋಟಿಯಲ್ಲಿ ಆ ಒಂದು ವಾರ ಇಲ್ಲಿನದೇ ಇನ್ನೊಂದು ಬ್ಯಾಂಡ್ ಬ್ಲರ್ ಮುಂದೆ ಸೋತದ್ದು ಹೇಗೆ ಅಂತ ಕೇಳಿದ್ದೀಯ. ಉತ್ತರ ಇರುವುದು ಸಿ.ಡಿ. ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ.

1995ರ ಆಗಸ್ಟ್ 14, ಸೋಮವಾರ. ಬ್ಲರ್‌ನವರ 'ಕಂಟ್ರಿ ಹೌಸ್', ಓಯಸಿಸ್‌ನವರ 'ರೋಲ್ ವಿತ್ ಇಟ್' ಎರಡೂ ಅವತ್ತೇ ಮಾರಾಟಕ್ಕೆ ಬಂದವು. ಕಾಕತಾಳೀಯ ಏನಲ್ಲ. ಬ್ಲರ್ ಕಡೆಯವರು ಬೇಕೆಂತಲೇ ತಮ್ಮ ದಿನಾಂಕ ಬದಲಿಸಿ ಓಯಸಿಸ್ ಮೇಲೆ ಬಿದ್ದರು. ಇಬ್ಬರು ದೊಡ್ಡ ಹೀರೋಗಳ ಸಿನಿಮಾ ಒಂದೇ ಶುಕ್ರವಾರ ಬಿಡುಗಡೆಯಾದರೆ ಗಾಂಧಿನಗರ ಹೇಗಿರುತ್ತದೆ ಹೇಳು, ಹಾಗೇ ಇತ್ತು. ಟಿ.ವಿ. ವಾರ್ತೆಯಲ್ಲೂ ಇದೇ ಸುದ್ದಿ.

ಆಗ ಚಾರ್ಟ್, ಅಂದರೆ ವಾರದ ಹಾಡುಗಳ ಸ್ಥಾನಪಟ್ಟಿ, ಅಂಗಡಿಯಲ್ಲಿ ಹೋದ ಸಿಂಗಲ್‌ಗಳ (ಒಂದು ಮುಖ್ಯ ಹಾಡಿಗಾಗಿ ತರುವ ಚಿಕ್ಕ ರೆಕಾರ್ಡ್‌ಗಳ) ಲೆಕ್ಕ. ರೇಡಿಯೊದಲ್ಲಿ ಎಷ್ಟು ಸಲ ಹಾಕಿದರು ಅನ್ನುವುದು ಅದಕ್ಕೆ ಸೇರುತ್ತಿರಲಿಲ್ಲ. ಬಾರ್‌ಕೋಡ್ ಸ್ಕ್ಯಾನ್ ಆದರೆ ಒಂದು. ಒಬ್ಬನೇ ಎರಡು ಕೊಂಡರೆ ಎರಡು. ಬ್ಲರ್ ಕಂಪನಿಯವರು ಹಿಡಿದದ್ದು ಈ ದಾರಿಯನ್ನೇ. ಒಂದೇ ಹಾಡಿಗೆ ಎರಡು ಬೇರೆ ಬೇರೆ ಸಿ.ಡಿ. ಮಾಡಿದರು. ಮೊದಲನೆಯದರಲ್ಲಿ ಒಂದು ಹೊಸ ಹಾಡು, ಜೊತೆಗೆ ಫ್ರೆಂಚ್ ಗಾಯಕಿ ಫ್ರಾನ್ಸ್ವಾಜ್ ಆರ್ಡಿ ದನಿಗೂಡಿಸಿದ 'ಟು ದಿ ಎಂಡ್'. ಎರಡನೆಯದರಲ್ಲಿ ಲಂಡನ್ನಿನ ಮೈಲ್ ಎಂಡ್‌ನಲ್ಲಿ ನಡೆಸಿದ ಶೋದ ಲೈವ್ ಹಾಡುಗಳು. ಪಕ್ಕಾ ಅಭಿಮಾನಿಗೆ ಎರಡೂ ಬೇಕು. ಎರಡೂ ಜಮೆಯಾಗುವುದು 'ಕಂಟ್ರಿ ಹೌಸ್' ಖಾತೆಗೇ.

ಇನ್ನು ಬೆಲೆ. ಬ್ಲರ್ ಸಿ.ಡಿ. 1.99 ಪೌಂಡ್, ಓಯಸಿಸ್‌ನದು 3.99. ಬ್ಲರ್‌ನವು ಎರಡು ತೆಗೆದುಕೊಂಡರೂ 3.98, ಒಂದು ಪೆನ್ನಿ ಮಿಕ್ಕುತ್ತದೆ! ಓಯಸಿಸ್‌ನವರು ಒಂದೇ ಸಿ.ಡಿ.ಯಲ್ಲಿ ನಾಲ್ಕು ಹಾಡು ತುಂಬಿದ್ದರು. ಅದರಲ್ಲಿನ 'ರಾಕಿಂಗ್ ಚೇರ್' ನನ್ನ ಕಿವಿಗೆ 'ರೋಲ್ ವಿತ್ ಇಟ್'ಗಿಂತ ಎಷ್ಟೋ ವಾಸಿ. ಕೇಳುವವನಿಗೆ ಮೋಸವಿಲ್ಲ, ಆದರೆ ಚಾರ್ಟ್‌ಗೆ ಅದು ಒಂದೇ.

ಆ ಭಾನುವಾರ, 20ನೇ ತಾರೀಖು, ಲೆಕ್ಕ ಹೊರಬಿತ್ತು. ಬ್ಲರ್ 2,74,000, ಓಯಸಿಸ್ 2,16,000. ಬಾರ್‌ಕೋಡ್ ಸರಿಯಾಗಿ ಅಚ್ಚಾಗಿರಲಿಲ್ಲ, ಕೆಲವು ಮಾರಾಟ ದಾಖಲಾಗಲೇ ಇಲ್ಲ ಅಂತ ಓಯಸಿಸ್ ಕಡೆಯವರು ದೂರಿದರು. ಕೋಡ್ ಓದದಿದ್ದರೆ ದುಡ್ಡು ಅಂಗಡಿಗೆ ಬರುತ್ತದೆ, ಎಣಿಕೆಗೆ ಬರುವುದಿಲ್ಲ, ಅದು ನಿಜ. ಆದರೂ 58,000ದ ಅಂತರಕ್ಕೆ ಅದೊಂದೇ ಕಾರಣ ಅಂದರೆ ನಾನು ಒಪ್ಪುವುದಿಲ್ಲ. ಬ್ಲರ್ ಅಭಿಮಾನಿಗಳಲ್ಲಿ 58,000 ಜನ ಎರಡೆರಡು ಕೊಂಡಿದ್ದು, ಉಳಿದವರೂ ಓಯಸಿಸ್ ಅಭಿಮಾನಿಗಳೂ ತಲೆಗೊಂದರಂತೆ ಕೊಂಡಿದ್ದರೂ ಸಾಕು, ಕೊಂಡವರ ಸಂಖ್ಯೆ ಎರಡೂ ಕಡೆ ಸಮ.

ಇಷ್ಟೆಲ್ಲ ಜಗಳದ ನಡುವೆ ತಮಾಷೆಗೇನೂ ಕೊರತೆಯಿರಲಿಲ್ಲ. 'ಟಾಪ್ ಆಫ್ ದಿ ಪಾಪ್ಸ್' ಅನ್ನುವ ಟಿ.ವಿ. ಕಾರ್ಯಕ್ರಮದಲ್ಲಿ ಓಯಸಿಸ್‌ನ ಗಾಯಕ ಲಿಯಾಮ್ ಗಿಟಾರ್ ಹಿಡಿದು ನಿಂತ, ಗಿಟಾರ್ ನುಡಿಸುವ ಅವನ ಅಣ್ಣ ನೋಯಲ್ ಹಾಡುವವನಂತೆ ಬಾಯಿ ಆಡಿಸಿದ. ಬ್ಲರ್‌ನ ಬಾಸ್ ಗಿಟಾರ್ ವಾದಕ ಅಲೆಕ್ಸ್ ಜೇಮ್ಸ್ ಅಲ್ಲಿಗೆ ಓಯಸಿಸ್ ಟೀ ಶರ್ಟ್ ಹಾಕಿಕೊಂಡೇ ಬಂದಿದ್ದ.

ಆಲ್ಬಮ್ ವಿಷಯಕ್ಕೆ ಬಂದರೆ ಆಟವೇ ತಿರುಗಿತು. ಅಕ್ಟೋಬರ್ 2ಕ್ಕೆ ಬಂದ ಓಯಸಿಸ್ ಆಲ್ಬಮ್ ಮೊದಲ ವಾರವೇ 3,47,000 ಹೋಯಿತು. ಮುಂದಿನ ಆಗಸ್ಟಿನಲ್ಲಿ ನೆಬ್‌ವರ್ತ್ ಅನ್ನುವ ಊರಲ್ಲಿ ಅವರ ಎರಡು ರಾತ್ರಿಯ ಶೋಗೆ ಎರಡೂವರೆ ಲಕ್ಷ ಜನ. ಬ್ಲರ್ ದಾರಿ ಬದಲಿಸಿ, 1997ರಲ್ಲಿ 'ಸಾಂಗ್ 2' ತರಹದ ಒರಟು ಗಿಟಾರಿಗೆ ಇಳಿದರು.

ನೀನು ಗಿಟಾರಿನಲ್ಲಿ ಕಲಿಯಬೇಕು ಅನ್ನುತ್ತಿರುವ 'ವಂಡರ್‌ವಾಲ್' ಓಯಸಿಸ್‌ನ ಆ ಆಲ್ಬಮ್ಮಿನದೇ. ಕೇಪೊವನ್ನು (ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್ಪು) ಎರಡನೇ ಫ್ರೆಟ್‌ಗೆ (ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿ) ಹಾಕು. ಪಟ್ಟಿಗೆ ಒತ್ತಿಕೊಂಡಂತೆ ಹಿಂದೆ ಕೂರಬೇಕು, ನಡುವೆ ಕೂತರೆ ತಂತಿ ಗರಗರ ಅನ್ನುತ್ತದೆ. ಅಲ್ಲಿಂದ ಮೂರನೇ ಫ್ರೆಟ್‌ನಲ್ಲಿ ಉಂಗುರದ ಬೆರಳು ಎರಡನೇ ತಂತಿಯ ಮೇಲೆ, ಕಿರುಬೆರಳು ಮೊದಲನೆಯದರ, ಅಂದರೆ ಎಲ್ಲಕ್ಕಿಂತ ತೆಳು ತಂತಿಯ ಮೇಲೆ. ಇ ಮೈನರ್ 7, ಜಿ, ಡಿ ಸಸ್ 4, ಎ 7 ಸಸ್ 4, ಈ ನಾಲ್ಕೂ ಕಾರ್ಡ್‌ಗಳಿಗೆ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಆ ಎರಡು ಬೆರಳು ಅಲ್ಲಾಡಬಾರದು. ಎಲ್ಲರೂ ತಪ್ಪುವುದು ಇಲ್ಲೇ, ಡಿ ಬಂದೊಡನೆ ಬೆರಳು ಎತ್ತಿಬಿಡುತ್ತಾರೆ. ಅಂದ ಹಾಗೆ, ಇಷ್ಟು ಹೆಸರಾದ ಈ ಹಾಡು ಆಗ ಇಲ್ಲಿನ ಚಾರ್ಟ್‌ನಲ್ಲಿ 2ನೇ ಸ್ಥಾನ ದಾಟಲೇ ಇಲ್ಲ.

ಅಪ್ಪ ಅಮ್ಮನಿಗೆ ನಮಸ್ಕಾರ ತಿಳಿಸು.

ಇಂತಿ ನಿನ್ನ,
ಅಣ್ಣ